ಚಿಕ್ಕಪ್ಪನಿಗೆ, ಗ್ರೂಪಲ್ಲಿರೋ ಎಲ್ಲರಿಗೂ

ಚಿಕ್ಕಪ್ಪ, ಬೆಳಿಗ್ಗೆ ನೀವು ಹಾಕಿದ ಮೆಸೇಜು ಈಗ ನೋಡಿದೆ. ಡ್ಯೂಟಿ ಮುಗಿಸಿ ಬಸ್ಸು ಹತ್ತಿದೀನಿ, ಗಾಜನೂರು ದಾಟ್ತಾ ಇದೆ. ಟೈಪ್ ಮಾಡೋಕೆ ಆಗಲ್ಲ, ಮಾತಲ್ಲೇ ಹೇಳ್ತೀನಿ. ಉದ್ದ ಆಗ್ತದೆ, ಆದ್ರೂ ಪೂರ್ತಿ ಕೇಳಿ.

ಅಮೆರಿಕದಲ್ಲಿ ನಿಮ್ಮಂಥ ಮಾಜಿ ಸೈನಿಕರಿಗೆ ಕ್ಯಾನ್ಸರ್ ತಪಾಸಣೆ ಹೆಂಗೆ ಸುಧಾರಿಸೋದು ಅಂತ ರಿಸರ್ಚ್ ನಡೀತಿರೋ ಸುದ್ದಿ ಅಣ್ಣ ಹಾಕಿದ್ದ. ಅದಕ್ಕೆ ನೀವು, ‘ನಂಗೆ ಎಂತ ಆಗಿದೆ, ಈಗ್ಲೂ ಬೆಟ್ಟ ಹತ್ತಿ ಸೊಪ್ಪು ಕಡಿದು ತರ್ತೀನಿ’ ಅಂದ್ರಿ. ಚಿಕ್ಕಪ್ಪ, ಸ್ಕ್ರೀನಿಂಗ್ ಅಂದ್ರೆ ಎಂತದೂ ಆಗಿಲ್ಲ ಅನ್ನೋರಿಗೇ ಮಾಡೋದು. ನೋವು ಬಂದ ಮೇಲೆ ಮಾಡೋದಕ್ಕೆ ಸ್ಕ್ರೀನಿಂಗ್ ಅನ್ನಲ್ಲ.

ಆ ದೇಶದ ಮಾಜಿ ಸೈನಿಕರಿಗೆ ಅವರದ್ದೇ ಆಸ್ಪತ್ರೆಗಳಿದಾವೆ. ಅಂಥ ಎಂಟು ಕಡೆ, ಸಿಗರೇಟು ಜಾಸ್ತಿ ಸೇದಿದ 2,106 ಜನಕ್ಕೆ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಮಾಡಿದ್ರು, ಲೆಕ್ಕ 2017ರಲ್ಲಿ ಬಂತು. ಅದರಲ್ಲಿ 1,257 ಜನರ ಶ್ವಾಸಕೋಶದಲ್ಲಿ ಸಣ್ಣ ಗಂಟು ಕಂಡವು. ಕ್ಯಾನ್ಸರ್ ಅಂತ ಖಾತ್ರಿ ಆಗಿದ್ದು 31 ಜನಕ್ಕೆ. ಅಂದ್ರೆ ಗಂಟು ಅಂದ ತಕ್ಷಣ ಎದೆ ಒಡ್ಕೋಬೇಕಿಲ್ಲ. ಆದ್ರೆ ಅಷ್ಟೂ ಜನರನ್ನ ನೆನಪಿಟ್ಟು ಮತ್ತೆ ಕರೆದು ನೋಡ್ಬೇಕಲ್ಲ, ಕಷ್ಟ ಇರೋದೇ ಅಲ್ಲಿ.

ಟೆಕ್ಸಾಸಲ್ಲಿ ಇದಕ್ಕೇ ಒಂದು ಅಧ್ಯಯನ ಮಾಡಿದ್ರು, 2015ರಲ್ಲಿ ಪ್ರಕಟ ಆಯ್ತು. ಒಂದು ಮಾಜಿ ಸೈನಿಕರ ಆಸ್ಪತ್ರೆ, ಇನ್ನೊಂದು ಬೇರೆ ರೋಗಿಗಳದ್ದು. ಪರೀಕ್ಷೆಯಲ್ಲಿ ಅನುಮಾನ ಬಂದು ಮುಂದಿನ ಹೆಜ್ಜೆ ಇಡದೇ ಉಳಿದವರು ಯಾರ್‍ಯಾರು ಅಂತ ಕಂಪ್ಯೂಟರ್ ದಾಖಲೆಯಿಂದ ಹೆಕ್ಕಿ ತೆಗೆಯೋದು, ಅವರ ಡಾಕ್ಟರಿಗೆ ಇಮೇಲ್ ಹಾಕೋದು, ಉತ್ತರ ಬರದಿದ್ರೆ ಫೋನ್ ಮಾಡೋದು. ಇಷ್ಟೇ! ದೊಡ್ಡ ಕರುಳಿನ ಕ್ಯಾನ್ಸರ್ ಅನುಮಾನ ಇದ್ದವರಿಗೆ ಮುಂದಿನ ಪರೀಕ್ಷೆ ಆಗೋಕೆ ಸಾಮಾನ್ಯವಾಗಿ 200 ದಿನ ಹಿಡೀತಿದ್ದದ್ದು 104ಕ್ಕೆ ಇಳೀತು. ಹೊಸ ಔಷಧಿ ಇಲ್ಲ, ಹೊಸ ಮಿಷನ್ ಇಲ್ಲ. ನೆನಪು ಮಾಡೋ ಒಬ್ಬರು ಇದ್ರು, ಅಷ್ಟೇ.

ಅದನ್ನ ಓದಿದ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ ಚಿಕ್ಕಪ್ಪ. ಅಪ್ಪಯ್ಯಂದು ನೆನಪಾಯ್ತು.

ನೀವು ಆಗಿನ್ನೂ ಸರ್ವೀಸಲ್ಲಿದ್ರಿ, ನಿಮಗೆ ಪೂರ್ತಿ ಯಾರೂ ಹೇಳಿಲ್ಲ. ಅಪ್ಪಯ್ಯನ ಎಡಗೆನ್ನೆ ಒಳಗೆ ಬಿಳೀ ಮಚ್ಚೆ ಇತ್ತು, ಹೆಬ್ಬೆರಳಿನ ಉಗುರಷ್ಟು. ಎಲೆ-ಅಡಿಕೆ ಕವಳದ ಸುಣ್ಣ ಮೆತ್ತಿದೆ ಅಂತಲೇ ನಾವೆಲ್ಲ ಅಂದ್ಕೊಂಡಿದ್ವಿ. ಹಿತ್ಲಲ್ಲಿ ಬಾಯಿ ಮುಕ್ಕಳಿಸಿ, ಬೆರಳಲ್ಲಿ ತಿಕ್ಕಿ, ಅಮ್ಮನ ಹತ್ರ ‘ಹೋಯ್ತಾ ನೋಡೇ’ ಅಂತ ಕೇಳೋರು. ಹೋಗ್ತಿರ್ಲಿಲ್ಲ. ಕೊನೆಗೆ ಒಂದು ಆಸ್ಪತ್ರೆಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ರು, ರಿಪೋರ್ಟ್ ಬಂದ್ರೆ ಫೋನ್ ಮಾಡ್ತೀವಿ ಅಂದ್ರು. ಫೋನ್ ಬರ್ಲಿಲ್ಲ. ಬರ್ಲಿಲ್ಲ ಅಂದ್ರೆ ಎಂತದೂ ಇಲ್ಲ ಅಂದ್ಕೊಂಡ್ವಿ. ಅಷ್ಟೊತ್ತಿಗೆ ಅಡಿಕೆ ಕೊನೆ ಕೊಯ್ಲು ಶುರುವಾಯ್ತು, ಸುಲಿಯೋದು, ಬೇಯ್ಸೋದು, ಒಣಗ್ಸೋದು, ಯಾರಿಗೂ ಪುರುಸೊತ್ತಿಲ್ಲ. ಶಿವರಾತ್ರಿ ಹೊತ್ತಿಗೆ ತುತ್ತು ಒಳಗೆ ಹೋಗೋವಷ್ಟೂ ಬಾಯಿ ತೆರೆಯೋಕೆ ಆಗ್ತಿರ್ಲಿಲ್ಲ. ಓಡಿ ಹೋದ್ವಿ. ರಿಪೋರ್ಟ್ ಅಲ್ಲೇ ಫೈಲಲ್ಲಿ ಇತ್ತು. ಮೇಲೆ ದೀಪಾವಳಿ ಹಿಂದಿನ ವಾರದ ತಾರೀಖು. ಆ ತಾರೀಖು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಅವರು ಫೋನ್ ಮಾಡ್ಬೇಕಿತ್ತು. ನಾನೂ ಹೋಗಿ ಕೇಳ್ಬೇಕಿತ್ತು.

ಈಗ ಅಡಿಕೆ ವಿಷಯ. ನಮ್ಮ ಅನ್ನವೇ ಅಡಿಕೆ, ನಾನು ಓದಿದ್ದೂ ಅದೇ ದುಡ್ಡಲ್ಲಿ, ಹೇಳೋಕೆ ನಂಗೂ ಸಂಕಟ ಆಗ್ತದೆ. ಆದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೇಳಿದೆ, ಹೊಗೆಸೊಪ್ಪು ಹಾಕದೇ ಬರೀ ಅಡಿಕೆ ಜಗಿದ್ರೂ ಕ್ಯಾನ್ಸರ್ ಬರ್ತದೆ ಅಂತ. ನೀವಂತೂ ಹೊಗೆಸೊಪ್ಪೂ ಹಾಕ್ತೀರಿ. ಮೊನ್ನೆ ತಂಬುಳಿ ಊಟಕ್ಕೆ ಕೂತಾಗ ನೋಡಿದೆ, ಒಂದು ಸೂಜಿಮೆಣಸು ಬಾಯಿಗೆ ಸಿಕ್ಕಿದ್ದಕ್ಕೆ ಕಣ್ಣಲ್ಲಿ ನೀರು ಬಂತು ನಿಮಗೆ. ಮುಂಚೆ ಹಂಗಿರ್ಲಿಲ್ಲ. ಖಾರ ಮುಟ್ಟಿದ್ರೆ ಬಾಯಿ ಉರಿ, ಆಮೇಲೆ ಕೆನ್ನೆ ಒಳಗೆ ಗಟ್ಟಿ, ಆಮೇಲೆ ಬಾಯಿ ತೆರೆಯೋದು ಕಡಿಮೆ. ಅಡಿಕೆ ಜಗಿಯೋರ ಬಾಯಿ ಕೆಡೋದು ಹೆಚ್ಚಾಗಿ ಆ ದಾರಿಲೇ. ಈಗ್ಲೇ ಕನ್ನಡಿ ಮುಂದೆ ನಿಂತು ಮೂರು ಬೆರಳು ಒಂದರ ಮೇಲೊಂದು ಇಟ್ಟು ಹಲ್ಲಿನ ಮಧ್ಯ ಹೋಗ್ತವಾ ನೋಡಿ. ಹೋಗದಿದ್ರೆ ನಂಗೆ ಇವತ್ತೇ ಹೇಳಿ.

ಬಾಯಿ ತಪಾಸಣೆಗೆ ಖರ್ಚೇ ಇಲ್ಲ. ತಿರುವನಂತಪುರದಲ್ಲಿ 1996ರಿಂದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ತೆರೆಸಿ ನೋಡಿದ್ರು, ಸುಮಾರು 1,92,000 ಜನರ ಮೇಲೆ ಆದ ಅಧ್ಯಯನ. ತಂಬಾಕು, ಕುಡಿತ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು 34% ಕಡಿಮೆ ಆಗಿತ್ತು. ಬರೀ ಕಣ್ಣಲ್ಲಿ ನೋಡಿದ್ದಕ್ಕೆ! ನಮ್ಮಲ್ಲೂ 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಾಯಿ, ಸ್ತನ, ಗರ್ಭಕಂಠ ನೋಡೋ ಕಾರ್ಯಕ್ರಮ ಇದೆ. ಚಿಕ್ಕಮ್ಮ, ಅತ್ತಿಗೆ, ನಿಮಗೂ ಹೇಳ್ತಿದೀನಿ. ಗರ್ಭಕಂಠಕ್ಕೆ ವಿನೆಗರ್ ಥರದ್ದು ಹಚ್ಚಿ ನೋಡೋದು, ನಾಲ್ಕೈದು ನಿಮಿಷ. ಮುಂಬೈಯಲ್ಲಿ ಟಾಟಾ ಆಸ್ಪತ್ರೆಯವರು ಎರಡು ವರ್ಷಕ್ಕೊಮ್ಮೆ ಹಂಗೆ ನೋಡಿ, ಗರ್ಭಕಂಠ ಕ್ಯಾನ್ಸರಿನ ಸಾವು 31% ತಗ್ಗಿಸಿದ್ರು. ನಾಚ್ಕೋಬೇಡಿ, ನಾನೇ ಜೊತೇಲಿ ನಿಂತ್ಕೋತೀನಿ.

ಅತ್ತಿಗೆ ಕೇಳಿದ ಆ ಪ್ಯಾಕೇಜು, ಒಂದೇ ರಕ್ತಪರೀಕ್ಷೆಲಿ ಎಲ್ಲ ಕ್ಯಾನ್ಸರೂ ಗೊತ್ತಾಗ್ತದೆ ಅನ್ನೋದು, ಅದಕ್ಕೆ ದುಡ್ಡು ಹಾಕ್ಬೇಡಿ. ಅದರಲ್ಲಿ ಬರೆದಿರೋ ಸಿಇಎ, ಸಿಎ 125 ಅನ್ನೋ ರಕ್ತಪರೀಕ್ಷೆ ಎಲ್ಲ ಆರೋಗ್ಯವಾಗಿರೋರಲ್ಲಿ ಕ್ಯಾನ್ಸರ್ ಹುಡುಕೋಕೆ ಇರೋದಲ್ಲ.

ಚಿಕ್ಕಪ್ಪ, ಶ್ವಾಸಕೋಶದ ಆ ಸಿಟಿ ಸ್ಕ್ಯಾನು ನಿಮಗೆ ಬೇಕಾ ಅಂತ ನಾನು ತೀರ್ಮಾನ ಮಾಡಲ್ಲ. ಅಮೆರಿಕದ ಲೆಕ್ಕದಲ್ಲಿ 50ರಿಂದ 80 ವಯಸ್ಸು, ದಿನಕ್ಕೊಂದು ಪ್ಯಾಕಿನಂತೆ 20 ವರ್ಷ ಸೇದಿರ್ಬೇಕು, ಈಗ್ಲೂ ಸೇದ್ತಿರ್ಬೇಕು, ಇಲ್ಲಾ ಬಿಟ್ಟು 15 ವರ್ಷದೊಳಗೆ ಇರ್ಬೇಕು. ನಿಮಗೆ 57, ಸೇದಿದ್ದು ಅಷ್ಟೇ ಆಗ್ತದೆ, ಬಿಟ್ಟು ಏಳು ವರ್ಷ. ನಮ್ಮ ಕಡೆ ಹಳೇ ಟಿಬಿ ಕಲೆನೂ ಗಂಟಿನ ಹಂಗೇ ಕಾಣ್ತದೆ, ಅದಕ್ಕೆ ಡಾಕ್ಟರ್ ಹತ್ರ ಕೂತು ಮಾತಾಡೇ ಮಾಡ್ಬೇಕು. ಕಪಾಟಲ್ಲಿಟ್ಟ ಇ.ಸಿ.ಎಚ್.ಎಸ್. ಕಾರ್ಡು, ಅದೇ ಮಾಜಿ ಸೈನಿಕರ ಆರೋಗ್ಯ ಯೋಜನೆದು, ತೆಗೀರಿ. 28 ವರ್ಷ ದುಡಿದು ಪಡೆದ ಹಕ್ಕು ಅದು, ಆ ಯೋಜನೆಯ ಪಾಲಿಕ್ಲಿನಿಕ್ಕಿಂದ ದೊಡ್ಡ ಆಸ್ಪತ್ರೆಗೆ ರೆಫರಲ್ ತಗೊಳ್ಳೋಣ.

ಮಂಡಗದ್ದೆ ಬಂತು, ಇಲ್ಲಿಂದ ಮುಂದೆ ನೆಟ್‌ವರ್ಕ್ ಸಿಗಲ್ಲ. ಶನಿವಾರ ನಂಗೆ ರಜೆ. ಬೆಳಿಗ್ಗೆ ಮೊದಲ ಬಸ್ಸಿಗೆ ಬನ್ನಿ, ಶಿವಮೊಗ್ಗ ಬಸ್‌ಸ್ಟ್ಯಾಂಡಲ್ಲಿ ಕಾಯ್ತಿರ್ತೀನಿ, ಮೊದಲು ಬಾಯಿ ತೋರ್ಸೋಣ. ಆ ದಿನ ಕವಳ ಹಾಕ್ಕೊಂಡು ಬರ್ಬೇಡಿ, ಬಾಯಿ ಕೆಂಪಾಗಿದ್ರೆ ಸರಿಯಾಗಿ ಕಾಣಲ್ಲ. ಯಾವ ಪರೀಕ್ಷೆ ಮಾಡಿದ್ರೂ ರಿಪೋರ್ಟ್ ಯಾವತ್ತು ಕೊಡ್ತಾರೆ ಅಂತ ಕೇಳಿ ತಾರೀಖು ಈ ಗ್ರೂಪಲ್ಲಿ ಹಾಕ್ತೀನಿ. ಅಣ್ಣ, ಆ ದಿನ ನಾನು ಮರೆತ್ರೆ ನೀನು ಫೋನ್ ಮಾಡ್ಬೇಕು.