ಸಹಾಯ ಬೇಕು: ಲೊಬೆಂಗುಲನ ಅರಮನೆ ಬಿಡಾರದ ಈ ಛಾಯಾಚಿತ್ರ ಯಾವ ಕಾಲದ್ದು?

ಸದಸ್ಯರೆಲ್ಲರಿಗೂ ನಮಸ್ಕಾರ. ಇಂದಿನ ಜಿಂಬಾಬ್ವೆಯ ಎನ್‌ಡೆಬೆಲೆ ಜನಾಂಗದ ದೊರೆ ಲೊಬೆಂಗುಲನ ಬಿಡಾರವೆಂಬ ಅಡಿಬರಹವಷ್ಟೇ ಇರುವ, ಇಸವಿಯಿಲ್ಲದ ಹಳೆಯ ಛಾಯಾಚಿತ್ರವೊಂದನ್ನು ಲೇಖನಕ್ಕೆ ಬಳಸಲು ಬಯಸಿದ್ದು, ಅದರ ಸ್ಥಳ ಮತ್ತು ಕಾಲವನ್ನು ಗುರುತಿಸಲು ನಿಮ್ಮ ನೆರವನ್ನು ಕೋರುತ್ತೇನೆ. ಚಿತ್ರದಲ್ಲಿ ಮರದ ಗೂಟಗಳ ಬೇಲಿ, ಹುಲ್ಲು ಹೊದಿಸಿದ ಗುಮ್ಮಟದಾಕಾರದ ಗುಡಿಸಲುಗಳು ಮತ್ತು ಒಂದು ಎತ್ತಿನ ಗಾಡಿ ಸ್ಪಷ್ಟವಾಗಿ ಕಾಣುತ್ತವೆ.

ಲೊಬೆಂಗುಲನಿಗೆ ಬುಲವಾಯೊ ಎಂಬ ಹೆಸರಿನ ರಾಜಧಾನಿಗಳು ಎರಡಿದ್ದವು. 1870ರ ದಶಕದ ಆರಂಭದಲ್ಲಿ ಕಟ್ಟಿದ ಮೊದಲನೆಯದನ್ನು 1881ರಲ್ಲಿ ತೊರೆದು ಸುಡಲಾಯಿತು. ಇಂದು ಜಿಂಬಾಬ್ವೆಯ ಬುಲವಾಯೊ ನಗರದ ಸ್ಟೇಟ್ ಹೌಸ್ ಇರುವ ಜಾಗದಲ್ಲಿದ್ದ ಎರಡನೆಯದಕ್ಕೆ, 1893ರ ನವೆಂಬರಿನಲ್ಲಿ ಬ್ರಿಟಿಷ್ ಸೌತ್ ಆಫ್ರಿಕಾ ಕಂಪನಿಯ ಪಡೆ ಸಮೀಪಿಸುತ್ತಿದ್ದಂತೆ ದೊರೆಯ ಕಡೆಯವರೇ ಬೆಂಕಿಯಿಟ್ಟರು. ಎರಡೂ ನೆಲೆಗಳು ಹೀಗೆ ಬೂದಿಯಾಗಿರುವಾಗ ಉಳಿದ ಪ್ರತಿಯೊಂದು ಚಿತ್ರವೂ ಅಮೂಲ್ಯ ಸಾಕ್ಷ್ಯವಾದ್ದರಿಂದ, ಊಹೆಯ ಇಸವಿ ಹಾಕಿ ಪ್ರಕಟಿಸಲು ನನಗೆ ಮನಸ್ಸಿಲ್ಲ. ಮೊದಲ ನೆಲೆಯಲ್ಲಿ 1990ರ ದಶಕದಲ್ಲಿ ಗುಡಿಸಲುಗಳನ್ನು ಮರುನಿರ್ಮಿಸಿದ್ದರಿಂದ, ಅವುಗಳ ಚಿತ್ರವಲ್ಲವೆಂಬುದೂ ಖಚಿತವಾಗಬೇಕು.

ಜಿಂಬಾಬ್ವೆ ಅಥವಾ ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿರುವ ಕನ್ನಡಿಗರು, ಹರಾರೆಯ ರಾಷ್ಟ್ರೀಯ ಪತ್ರಾಗಾರದಲ್ಲಿ ಹಳೆಯ ಚಿತ್ರಗಳ ಬಗ್ಗೆ ವಿಚಾರಿಸುವ ಕ್ರಮವನ್ನು ಬಲ್ಲವರು ದಯವಿಟ್ಟು ತಿಳಿಸಿ. ಹಿನ್ನೆಲೆಯ ಗುಡ್ಡಗಳಿಂದ ಸ್ಥಳವನ್ನು ಗುರುತಿಸಬಲ್ಲವರಿಗೆ ದೊಡ್ಡ ಪ್ರತಿಯನ್ನು ಕಳುಹಿಸುತ್ತೇನೆ.