ಗಾಲಾಪಗೋಸ್ ದ್ವೀಪಗಳಿಗೆ ಹಾಯಿದೋಣಿಯಲ್ಲಿ: ಹೋಗಿ ಬಂದವರು ದಯವಿಟ್ಟು ಹೇಳಿ

ಕೇಳಿದವರು, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಂಕಿನ ಕೆಲಸದಿಂದ ನಿವೃತ್ತಳಾಗಿದ್ದೇನೆ, ನಮ್ಮ ಯಜಮಾನರಿಗೆ ಅರವತ್ತು ದಾಟಿದೆ. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಮುಂದಿನ ವರ್ಷ ಅವಳ ಮನೆಗೆ ಹೋದಾಗ, ಅಲ್ಲಿಂದ ಈಕ್ವೆಡಾರ್‌ನ ಗಾಲಾಪಗೋಸ್ ದ್ವೀಪಗಳಿಗೂ ಹೋಗಿಬರೋಣ ಎಂದು ಯೋಚಿಸಿದ್ದೇವೆ. ದೊಡ್ಡ ಹಡಗು ಬೇಡ, ಹಾಯಿ ಬಿಚ್ಚಿದ ಸಣ್ಣ ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗಬೇಕೆಂಬುದು ನನ್ನ ಬಹಳ ಹಳೆಯ ಆಸೆ. ಆದರೆ ನನಗೆ ಈಜು ಬಾರದು. ಬಸ್ಸಿನಲ್ಲಿ ಮಡಿಕೇರಿಗೆ ಹೋದರೂ ಹೊಟ್ಟೆ ತೊಳಸುತ್ತದೆ. ಇಬ್ಬರೂ ಸಸ್ಯಾಹಾರಿಗಳು. ಯಾವ ತಿಂಗಳು, ಎಂಥ ದೋಣಿ, ಏನೇನು ಕಾಣಸಿಗುತ್ತದೆ, ಅನುಭವ ಇದ್ದವರು ತಿಳಿಸುವಿರಾ?

ಟೊರಾಂಟೊದಿಂದ

ಮೇಡಂ, ನಿಮ್ಮ ಆಸೆಗೆ ಅಡ್ಡ ಬರುವ ಮಾತನ್ನೇ ಮೊದಲು ಹೇಳಿಬಿಡುತ್ತೇನೆ, ಬೇಸರಪಡಬೇಡಿ. ಗಾಲಾಪಗೋಸ್‌ನಲ್ಲಿ ಹಾಯಿಮರವಿರುವ ದೋಣಿಗಳು ಇವೆ. ಹಾಯಿಯನ್ನೇ ನಂಬಿ ದಾರಿ ಸಾಗಿಸುವ ಪ್ರವಾಸಿ ದೋಣಿ ಮಾತ್ರ ಬಲು ಅಪರೂಪ. ಯಾವ ದೋಣಿ ಯಾವ ದಿನ, ಯಾವ ಹೊತ್ತಿನಲ್ಲಿ, ಯಾವ ತೀರದಲ್ಲಿ ಜನರನ್ನು ಇಳಿಸಬೇಕೆಂದು ರಾಷ್ಟ್ರೀಯ ಉದ್ಯಾನದವರು ಮೊದಲೇ ನಿಗದಿ ಮಾಡಿರುತ್ತಾರೆ. ಗಾಳಿ ಬೀಸಲಿ, ಆಮೇಲೆ ಹೊರಡೋಣ ಎಂದರೆ ನಡೆಯುವುದಿಲ್ಲ. ಹಾಗಾಗಿ ರಾತ್ರಿಯೆಲ್ಲ ಎಂಜಿನ್ ಹಾಕಿಕೊಂಡು ಓಡಿಸಿ, ಬೆಳಗಾಗುವುದರೊಳಗೆ ಮುಂದಿನ ದ್ವೀಪದ ಬಳಿ ಲಂಗರು ಹಾಕುತ್ತಾರೆ. ಗಾಳಿಯೂ ಸಮಯವೂ ಕೂಡಿಬಂದ ಒಂದು ಮಧ್ಯಾಹ್ನ ಹಾಯಿ ಬಿಚ್ಚುತ್ತಾರೆ, ಎಲ್ಲರೂ ಫೋಟೊ ತೆಗೆದುಕೊಳ್ಳುತ್ತಾರೆ, ಮತ್ತೆ ಎಂಜಿನ್. ಸ್ಕೂನರ್ ಎನ್ನುವ ಮರದ ಹಳೆಯ ಹಾಯಿಹಡಗು ನೋಡಲು ಚೆಂದ, ನಿಜ. ಅದಕ್ಕೆಂದು ಹೆಚ್ಚು ಹಣ ಕೊಡುವ ಮುನ್ನ ಇದು ನೆನಪಿರಲಿ.

ನನ್ನ ಮಟ್ಟಿಗೆ ದೋಣಿಯ ಚೆಂದ ನೋಡಿ ಆರಿಸುವುದೇ ಸರಿಯಲ್ಲ. ಮಾರ್ಗ ನೋಡಿ ಆರಿಸಿ. ಒಂದೇ ದೋಣಿ ಹದಿನಾಲ್ಕು ದಿನಗಳೊಳಗೆ ಒಂದೇ ಜಾಗಕ್ಕೆ ಎರಡು ಸಲ ಹೋಗುವಂತಿಲ್ಲ ಎಂಬ ನಿಯಮ 2012ರಿಂದ ಇದೆ. ಹೀಗಾಗಿ ಬಹುಪಾಲು ದೋಣಿಗಳು ಒಂದು ವಾರ ಒಂದು ಕಡೆ, ಮರುವಾರ ಇನ್ನೊಂದು ಕಡೆ ಸುತ್ತುತ್ತವೆ. ಅದೇ ದೋಣಿ, ಅದೇ ದರ. ಆದರೆ ಕಾಣುವ ಜೀವಿಗಳು ಬೇರೆ. ಇದನ್ನು ಕೇಳದೆ ದುಡ್ಡು ಕಟ್ಟಿದವರು ಅಲ್ಲಿಗೆ ಹೋದ ಮೇಲೆ 'ಪೆಂಗ್ವಿನ್ ಎಲ್ಲಿ?' ಎನ್ನುವುದನ್ನು ಕೇಳಿದ್ದೇನೆ.

ಪಶ್ಚಿಮದ ಮಾರ್ಗವೆಂದರೆ ಇಸಬೆಲಾ ದ್ವೀಪದ ಹಿಂಭಾಗ ಮತ್ತು ಫರ್ನಾಂಡಿನಾ. ಕಡಲಾಳದಲ್ಲಿ ಪಶ್ಚಿಮದಿಂದ ಬರುವ ಕ್ರಾಮ್‌ವೆಲ್ ಪ್ರವಾಹ ಈ ದ್ವೀಪಗಳ ಬುಡಕ್ಕೆ ಬಡಿದು ತಣ್ಣನೆಯ, ಸತ್ತ್ವವುಳ್ಳ ನೀರನ್ನು ಮೇಲಕ್ಕೆ ತರುತ್ತದೆ. ಸಮಭಾಜಕ ವೃತ್ತದ ಮೇಲೆ ಪೆಂಗ್ವಿನ್ ಬದುಕಿರುವುದು ಅದರಿಂದಲೇ. ಹಾರುವುದನ್ನೇ ಬಿಟ್ಟ ನೀರುಕಾಗೆ ಇರುವುದೂ ಇಲ್ಲಿ ಮಾತ್ರ. ಮೀನು ಹಿಡಿದು ದಡಕ್ಕೆ ಬಂದು, ಹರಕು ಛತ್ರಿಯಂಥ ಪುಟ್ಟ ರೆಕ್ಕೆಗಳನ್ನು ಬಿಸಿಲಿಗೆ ಹರವಿ ನಿಲ್ಲುತ್ತದೆ. ಫರ್ನಾಂಡಿನಾದ ಪುಂಟಾ ಎಸ್ಪಿನೋಸಾದಲ್ಲಿ ಕಪ್ಪು ಲಾವಾ ಬಂಡೆಯ ಮೇಲೆ ನೂರಾರು ಕಡಲ ಇಗುವಾನಗಳು ಒಂದರ ಮೇಲೊಂದು ಬಿದ್ದುಕೊಂಡು, ಆಗಾಗ ಮೂಗಿನಿಂದ ಉಪ್ಪುನೀರು ಸೀನುತ್ತಿರುತ್ತವೆ. ಬಂಡೆ ಯಾವುದು, ಪ್ರಾಣಿ ಯಾವುದು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕು. ಕಡಲಿಗಿಳಿದು ಪಾಚಿ ಮೇಯುವ ಹಲ್ಲಿಯ ಜಾತಿ ಲೋಕದಲ್ಲಿ ಇದೊಂದೇ. ಎಲ್ ನಿನ್ಯೊ ಬಂದು ನೀರು ಬಿಸಿಯಾಗಿ ಪಾಚಿ ಸತ್ತರೆ ಇವುಗಳ ಮೈ ಉದ್ದವೇ ಕುಗ್ಗುತ್ತದೆ, ಮೇವು ಬಂದಾಗ ಮತ್ತೆ ಬೆಳೆಯುತ್ತದೆ. ಎರಡು ದ್ವೀಪಗಳ ನಡುವಿನ ಬೊಲಿವರ್ ಕಾಲುವೆಯಲ್ಲಿ ತಿಮಿಂಗಿಲ, ಡಾಲ್ಫಿನ್ ಕಾಣುವ ಸಾಧ್ಯತೆ ಹೆಚ್ಚು, ಊಟ ಬಿಟ್ಟಾದರೂ ಮೇಲಟ್ಟದಲ್ಲಿ ಕುಳಿತಿರಿ.

ಇನ್ನೊಂದು ಮಾರ್ಗದಲ್ಲಿ ಉತ್ತರದ ಜೆನೊವೆಸಾ ಅಥವಾ ಆಗ್ನೇಯದ ಎಸ್ಪನ್ಯೋಲಾ, ಕೆಲವೊಮ್ಮೆ ಎರಡೂ ಸಿಗುತ್ತವೆ. ಜೆನೊವೆಸಾ ಎಂದರೆ ಹಕ್ಕಿಗಳ ಸಂತೆ: ಕೆಂಪು ಕಾಲಿನ ಬೂಬಿ, ಫ್ರಿಗೇಟ್ ಹಕ್ಕಿ, ಹಗಲಲ್ಲೇ ಬೇಟೆಯಾಡುವ ಗೂಬೆ. ಎಸ್ಪನ್ಯೋಲಾಕ್ಕೆ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ದೊಡ್ಡ ಕಡಲಹಕ್ಕಿಗಳಾದ ಆಲ್ಬಟ್ರಾಸ್‌ಗಳು ಬರುತ್ತವೆ. ಈ ಜಾತಿಯ ಬಹುತೇಕ ಎಲ್ಲವೂ ಗೂಡು ಮಾಡುವುದು ಆ ಒಂದೇ ದ್ವೀಪದಲ್ಲಿ. ಜನವರಿಯಿಂದ ಮಾರ್ಚ್‌ವರೆಗೆ ಹೋದವರಿಗೆ ಖಾಲಿ ಬಯಲು ಕಾಣುತ್ತದೆ. ನೀಲಿ ಕಾಲಿನ ಬೂಬಿ, ಸೀ ಲಯನ್ (ಕಡಲಸಿಂಹ), ಹಸಿರು ಆಮೆಗಳ ಚಿಂತೆ ಬೇಡ, ಯಾವ ಮಾರ್ಗದಲ್ಲೂ ಸಿಗುತ್ತವೆ.

ಮಂಗಳೂರಿನಿಂದ

ಟೊರಾಂಟೊದವರು ಹಾಯಿಯ ಬಗ್ಗೆ ಹೇಳಿದ್ದು ಪ್ರವಾಸಿ ದೋಣಿಗಳಿಗೆ ಸರಿ. ನಾನು ಮರ್ಚೆಂಟ್ ನೇವಿಯಿಂದ ನಿವೃತ್ತನಾದವನು. ಗೆಳೆಯರೊಬ್ಬರ ಸ್ವಂತ ಹಾಯಿದೋಣಿಯಲ್ಲಿ ಕೈಯಾಳಾಗಿ ಪನಾಮಾದಿಂದ ಅಲ್ಲಿಗೆ ಹೋಗಿದ್ದೆ, ಸುಮಾರು ಒಂಬೈನೂರು ನಾಟಿಕಲ್ ಮೈಲು. ಆ ದಾರಿಯಲ್ಲಿ ಗಾಳಿ ಸತ್ತ ಪಟ್ಟಿಯೊಂದನ್ನು ದಾಟಬೇಕು. ಅಲ್ಲಿ ಹಾಯಿ ಬಟ್ಟೆ ಒಣಹಾಕಿದ ಹಾಗೆ ನೇತಾಡುತ್ತದೆ. ಅಲ್ಲಿಯೂ ಎಂಜಿನ್ನೇ ಗತಿ.

ಸ್ವಂತ ದೋಣಿ ಇದ್ದವರು ಓದುತ್ತಿದ್ದರೆ ಅವರಿಗಾಗಿ ಬರೆಯುತ್ತೇನೆ. ಒಂದಕ್ಕಿಂತ ಹೆಚ್ಚು ಬಂದರು ನೋಡಬೇಕಾದರೆ 'ಆಟೋಗ್ರಾಫೊ' ಎಂಬ ಪರವಾನಗಿಯನ್ನು ಸ್ಥಳೀಯ ಏಜೆಂಟರ ಮೂಲಕ ತಿಂಗಳುಗಳ ಮೊದಲೇ ಮಾಡಿಸಿಕೊಳ್ಳಬೇಕು. ಹೋದ ಕೂಡಲೇ ಅಧಿಕಾರಿಗಳ ತಂಡವೇ ದೋಣಿ ಹತ್ತುತ್ತದೆ, ಮುಳುಗುಗಾರ ಅಡಿಭಾಗಕ್ಕೆ ಇಳಿಯುತ್ತಾನೆ. ದೋಣಿಯ ತಳಕ್ಕೆ ಪಾಚಿ, ಬಾರ್ನಕಲ್ ಎಂಬ ಚಿಪ್ಪುಜೀವಿ ಅಂಟಿಕೊಂಡಿದ್ದರೆ ಹೊರಕಡಲಿಗೆ ಹೋಗಿ ಉಜ್ಜಿಕೊಂಡು ಬನ್ನಿ ಎಂದು ವಾಪಸ್ ಕಳುಹಿಸುತ್ತಾರೆ. ದಿನಗಟ್ಟಲೆ ಸಮುದ್ರದಲ್ಲಿ ಬಳಲಿ ಬಂದವರಿಗೆ ಸಿಟ್ಟು ಬರುತ್ತದೆ. ಆದರೆ ಬೇರೆ ಕಡಲಿನ ಜೀವಿ ಈ ನೀರಿಗೆ ಬಂದು ಸೇರುವುದು ಹಾಗೆಯೇ, ಅವರು ಮಾಡುವುದು ಸರಿ.

ಇಷ್ಟೆಲ್ಲ ಆದರೂ ಸ್ವಂತ ದೋಣಿಯನ್ನು ಬೇಕಾದ ಕೊಲ್ಲಿಗೆ ತಿರುಗಿಸಿಕೊಂಡು ಹೋಗುವಂತಿಲ್ಲ. ಅನುಮತಿಯಿರುವ ಬಂದರುಗಳಲ್ಲಿ ಮಾತ್ರ ಲಂಗರು. ಫರ್ನಾಂಡಿನಾ, ಜೆನೊವೆಸಾ ನೋಡಬೇಕೆಂದರೆ ದೋಣಿಯ ಒಡೆಯನೂ ಟಿಕೆಟ್ ಕೊಂಡು ಬೇರೆಯವರ ದೋಣಿ ಹತ್ತಬೇಕು. ಈ ಮಾತು ಕೇಳಿ ಗಾಲಾಪಗೋಸ್ ಬಿಟ್ಟು ನೇರ ಪೆಸಿಫಿಕ್ ನಡುವಿನ ಮಾರ್ಕೇಸಸ್ ದ್ವೀಪಗಳ ಕಡೆಗೆ ಮೂರು ಸಾವಿರ ಮೈಲು ಹಾಯಿ ಬಿಚ್ಚಿಕೊಂಡು ಹೋದವರೂ ಇದ್ದಾರೆ. ನಿಜವಾದ ಹಾಯಿಯ ಸುಖ ಅಲ್ಲಿ, ಒಂದೇ ದಿಕ್ಕಿಗೆ ಬೀಸುವ ವಾಣಿಜ್ಯ ಮಾರುತದಲ್ಲಿ.

ಸೀ ಲಯನ್‌ಗಳ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಸ್ಯಾನ್ ಕ್ರಿಸ್ಟೋಬಲ್ ಬಂದರಿನಲ್ಲಿ ಅವು ದೋಣಿಯ ಹಿಂಬದಿಯ ಮೆಟ್ಟಿಲು ಹತ್ತಿ ಮೆತ್ತೆಯ ಮೇಲೆ ಮಲಗುತ್ತವೆ. ವಾಸನೆ ಮಲ್ಪೆಯ ಮೀನುಬಂದರನ್ನು ಮೀರಿಸುತ್ತದೆ. ಓಡಿಸಲು ಮುಟ್ಟುವಂತಿಲ್ಲ, ಕಾನೂನು ಬಿಗಿ. ದೋಣಿಯ ಪಕ್ಕಕ್ಕೆ ಪೆಟ್ಟು ತಾಗದಂತೆ ಕಟ್ಟುವ ಫೆಂಡರ್‌ಗಳನ್ನೆಲ್ಲ ಮೆಟ್ಟಿಲಿಗೆ ಅಡ್ಡ ಕಟ್ಟಿ ಮಲಗುವುದೇ ಉಪಾಯ. ದಡಕ್ಕೆ ಹೋಗಲು ನಮ್ಮ ಸಣ್ಣ ದೋಣಿ ಇಳಿಸಿದರೆ ಅದೂ ಅವುಗಳ ಪಾಲು, ಅದಕ್ಕೇ ಎಲ್ಲರೂ ವಾಟರ್ ಟ್ಯಾಕ್ಸಿ ಕರೆಯುತ್ತಾರೆ.

ಅಕ್ಕ, ನಿಮ್ಮ ಹೊಟ್ಟೆಯ ವಿಷಯ. ಕೆಳಗಿನ ಅಂತಸ್ತಿನಲ್ಲಿ, ದೋಣಿಯ ನಡುಭಾಗದಲ್ಲಿರುವ ಕೋಣೆ ಕೇಳಿ. ಕಿಟಕಿ ಸಣ್ಣದು, ಎಂಜಿನ್ ಸದ್ದು ಸ್ವಲ್ಪ ಹೆಚ್ಚು, ಆದರೆ ಅಲುಗಾಟ ಕಡಿಮೆ. ಮೇಲಂತಸ್ತಿನ ಬಾಲ್ಕನಿ ಕೋಣೆಗೆ ಹೆಚ್ಚು ದುಡ್ಡು ಕೊಟ್ಟು ಹೆಚ್ಚು ವಾಂತಿ ಮಾಡಿಕೊಳ್ಳುವುದು ಬೇಡ. ಎರಡು ಒಡಲಿನ ಕ್ಯಾಟಮರಾನ್ ಒಂಟಿ ಒಡಲಿನ ದೋಣಿಯಷ್ಟು ಹೊಯ್ದಾಡುವುದಿಲ್ಲ. ಆದರೆ ನಡುವಿನ ತಳಕ್ಕೆ ತೆರೆ ಬಡಿದಾಗ ಬಾಗಿಲು ತಟ್ಟಿದ ಹಾಗೆ ಸದ್ದಾಗುತ್ತದೆ. ಆಗಸ್ಟ್, ಸೆಪ್ಟೆಂಬರ್ ನಿಮಗೆ ಬೇಡವೇ ಬೇಡ, ಕಡಲು ಆಗ ಒರಟು.

ಹ್ಯೂಸ್ಟನ್‌ನಿಂದ

ಎಲ್ಲರೂ ದೋಣಿಯಲ್ಲೇ ಮಲಗಿಸುತ್ತಿದ್ದೀರಿ, ನಾನು ಒಪ್ಪುವುದಿಲ್ಲ. ನಾವು ಮಕ್ಕಳೊಂದಿಗೆ ಊರಲ್ಲೇ ಕೋಣೆ ಹಿಡಿದು ಸುತ್ತಿದೆವು. ಸಾಂಟಾ ಕ್ರೂಸ್, ಸ್ಯಾನ್ ಕ್ರಿಸ್ಟೋಬಲ್, ಇಸಬೆಲಾ ಮೂರಕ್ಕೂ ಸ್ಪೀಡ್ ಬೋಟ್ ಇದೆ, ಒಂದೊಂದು ಪಯಣ ಎರಡು ಗಂಟೆಯ ಆಸುಪಾಸು. ಆ ಎರಡು ಗಂಟೆ ಬೆನ್ನಿಗೆ ಕಷ್ಟ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ರಾತ್ರಿ ಅಲುಗದ ಹಾಸಿಗೆ ಸಿಗುತ್ತದೆ, ಖರ್ಚೂ ಬಹಳ ಕಡಿಮೆ. ಸಾಂಟಾ ಕ್ರೂಸ್‌ನ ಪುಯೆರ್ಟೊ ಅಯೋರಾ ಊರಿನ ಮೀನುಕಟ್ಟೆಯಲ್ಲಿ ಮೀನು ಕತ್ತರಿಸುವ ಹೆಂಗಸಿನ ಪಕ್ಕ ಸೀ ಲಯನ್ ಗಿರಾಕಿಯಂತೆ ಸರದಿಯಲ್ಲಿ ಕಾಯುತ್ತಿರುತ್ತದೆ, ಪೆಲಿಕನ್‌ಗಳು ಹಿಂದಿನಿಂದ ತಳ್ಳುತ್ತವೆ. ಇದಕ್ಕೆ ಟಿಕೆಟ್ ಇಲ್ಲ. ಇಸಬೆಲಾದ ಕೊಂಚಾ ದೆ ಪೆರ್ಲಾದಲ್ಲಿ ಮರದ ಹಲಗೆಯ ದಾರಿ ನಡೆದು ಹೋದರೆ ಶಾಂತ ನೀರು, ಆಮೆಗಳು.

ಫರ್ನಾಂಡಿನಾ, ಜೆನೊವೆಸಾ ನಮಗೆ ತಪ್ಪಿದ್ದು ಹೌದು. ಎಲ್ಲವನ್ನೂ ನೋಡಲೇಬೇಕೆಂಬ ಹಟ ಇಲ್ಲದವರಿಗೆ ಇದು ಸಾಕು.

ನೀವು ಯಾವ ರೀತಿ ಹೋದರೂ ಕೈಯಲ್ಲಿ ಡಾಲರ್ ನೋಟು ಇರಲಿ, ಅಲ್ಲಿನ ಹಣವೇ ಅದು. ಉದ್ಯಾನದ ಪ್ರವೇಶ ಶುಲ್ಕವನ್ನು 2024ರ ಆಗಸ್ಟ್‌ನಿಂದ ವಿದೇಶಿ ವಯಸ್ಕರಿಗೆ 200 ಡಾಲರ್ ಮಾಡಿದ್ದಾರೆ, ಅದಕ್ಕೂ ಮೊದಲು 100 ಇತ್ತು. ದೋಣಿಯವರು ಹೇಳುವ ದರದಲ್ಲಿ ಇದು ಸೇರಿದೆಯೇ ಎಂದು ಕೇಳಿ.

ಹೊನ್ನಾವರದಿಂದ

ಡೈವಿಂಗ್ ಮಾಡುವವರಿಗೆ ಮಾತ್ರ. ನಮ್ಮ ನೇತ್ರಾಣಿಯಲ್ಲಿ ಕಲಿತು ನೇರ ಗಾಲಾಪಗೋಸ್‌ನ ಉತ್ತರ ತುದಿಯ ಡಾರ್ವಿನ್, ವುಲ್ಫ್ ದ್ವೀಪಗಳಿಗೆ ಹೋಗುವ ಸಾಹಸ ಬೇಡ. ಅಲ್ಲಿ ಪ್ರವಾಹದ ಸೆಳೆತ ಜೋರು, ನೀರು ತಣ್ಣಗೆ, ಬಂಡೆ ಹಿಡಿದುಕೊಂಡು ಕಾಯಬೇಕು. ಆದರೆ ಸುತ್ತಿಗೆತಲೆಯ ಶಾರ್ಕ್‌ಗಳ ಹಿಂಡು ತಲೆಯ ಮೇಲೆ ಹಾದುಹೋಗುವುದನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ತಿಮಿಂಗಿಲ ಶಾರ್ಕ್‌ಗಳು ಬರುತ್ತವೆ, ಬಹುಪಾಲು ದೊಡ್ಡ ಹೆಣ್ಣುಗಳು. ಆ ದ್ವೀಪಗಳಲ್ಲಿ ಪ್ರವಾಸಿಗರು ಕಾಲಿಡುವಂತಿಲ್ಲ, ನೀರಿನಲ್ಲೇ ಎಲ್ಲ. ಹಳೆಯ ಫೋಟೊದಲ್ಲಿ ಕಾಣುವ ಡಾರ್ವಿನ್ ಕಮಾನು ಎಂಬ ಕಡಲಬಂಡೆ 2021ರ ಮೇ ತಿಂಗಳಲ್ಲಿ ಕುಸಿಯಿತು, ಈಗ ಎರಡು ಕಂಬ ಉಳಿದಿವೆ. ಡೈವ್ ಮಾಡದವರನ್ನು 'ಜೊತೆಗೆ ಬನ್ನಿ' ಎಂದು ಆ ದೋಣಿಗೆ ಹತ್ತಿಸಬೇಡಿ, ಪಾಪ.

ಶಿವಮೊಗ್ಗದಿಂದ

ನಾನು ವೈದ್ಯೆ, ಪ್ರವಾಸಿಯಾಗಿಯೂ ಹೋಗಿದ್ದೇನೆ. ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಒಂದು ವಿಷಯವನ್ನೇ ಮೊದಲು ಎತ್ತುತ್ತೇನೆ: ಹಳದಿ ಜ್ವರ. ಆ ರೋಗದ ಭಯವಿರುವ ದೇಶಗಳ ಭಾರತದ ಪಟ್ಟಿಯಲ್ಲಿ ಈಕ್ವೆಡಾರ್ ಇದೆ. ಅಲ್ಲಿಂದ ಹೊರಟ ಆರು ದಿನಗಳೊಳಗೆ ಲಸಿಕೆಯ ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಬಂದಿಳಿದರೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗೆ ಇದೆ. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಆ ಪತ್ರಕ್ಕೆ ಮಾನ್ಯತೆ. ಅರವತ್ತು ದಾಟಿದವರಿಗೆ ಈ ಲಸಿಕೆಯನ್ನು ಯೋಚಿಸಿಯೇ ಕೊಡುತ್ತಾರೆ, ಹಾಗಾಗಿ ನಿಮ್ಮ ಯಜಮಾನರು ತಮ್ಮ ವೈದ್ಯರ ಬಳಿ ಮಾತಾಡಲಿ. ಗಾಲಾಪಗೋಸ್ ಮುಗಿಸಿ ಮಗಳ ಮನೆಯಲ್ಲಿ ವಾರಕ್ಕಿಂತ ಹೆಚ್ಚು ಇದ್ದು ಊರಿಗೆ ಮರಳುವ ಹಾಗೆ ಟಿಕೆಟ್ ಮಾಡಿದರೆ ಭಾರತದ ಈ ತೊಡಕು ಬರುವುದಿಲ್ಲ.

ಹೊಟ್ಟೆ ತೊಳಸುವುದಕ್ಕೆ ಮಾತ್ರೆಯನ್ನು ದೋಣಿ ಅಲುಗಲು ಶುರುವಾಗುವ ಮೊದಲೇ ತೆಗೆದುಕೊಳ್ಳಬೇಕು; ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ಯಾವ ಮಾತ್ರೆ ಎಂಬುದು ನಿಮ್ಮ ರಕ್ತದೊತ್ತಡ, ಬೇರೆ ಔಷಧಿಗಳನ್ನು ನೋಡಿ ನಿರ್ಧಾರವಾಗಲಿ. ಶುಂಠಿ ಕೆಲವರಿಗೆ ಒಗ್ಗುತ್ತದೆ. ಒಗ್ಗುವವರಾದರೆ ಮಿಠಾಯಿಯ ರೂಪದಲ್ಲಿ ಒಯ್ಯಿರಿ, ಹಸಿ ಶುಂಠಿ ಬೇಡ. ಗಾಲಾಪಗೋಸ್‌ನ ವಿಮಾನ ಹತ್ತುವ ಮೊದಲೇ ಸಾಮಾನು ತಪಾಸಣೆ ಮಾಡಿ ಸೀಲ್ ಹಾಕುತ್ತಾರೆ. ಹಣ್ಣು, ಬೀಜ, ಹಸಿ ತರಕಾರಿ, ಕರಿಬೇವು ಯಾವುದೂ ಒಳಗೆ ಹೋಗಬಾರದು. ನಮ್ಮ ಹಿತ್ತಲಿನ ಸೀಬೆ ಗಿಡ ಆ ದ್ವೀಪಗಳಲ್ಲಿ ಕಾಡು ನುಂಗುವ ಕಳೆಯಾಗಿ ನಿಂತಿದೆ ಎಂದರೆ ಅವರ ಹೆದರಿಕೆ ಅರ್ಥವಾದೀತು. ಚಟ್ನಿಪುಡಿ ಬಿಟ್ಟಿರಲಾಗದಿದ್ದರೆ ಮುಚ್ಚಿದ ಪೊಟ್ಟಣದಲ್ಲಿ ಒಯ್ದು, ಕೇಳುವ ಮೊದಲೇ ತೋರಿಸಿ.

ಊಟಕ್ಕೆ ತೊಂದರೆ ಇಲ್ಲ. ಅನ್ನ, ಮೆನೆಸ್ತ್ರಾ ಎನ್ನುವ ಬೇಳೆ ಅಥವಾ ಕಾಳಿನ ಗಟ್ಟಿ ಸಾರು, ಕರಿದ ಬಾಳೆಕಾಯಿ, ಬೆಣ್ಣೆಹಣ್ಣು ಅವರ ದಿನನಿತ್ಯದ ಅಡುಗೆ. ಮೀನೂ ಬೇಡ, ಮಾಂಸ ಬೇಯಿಸಿದ ನೀರೂ ಬೇಡ ಎಂದು ದುಡ್ಡು ಕಟ್ಟುವಾಗಲೇ ಬರೆದು ತಿಳಿಸಿ. 'ಸಸ್ಯಾಹಾರಿ' ಎಂದಷ್ಟೇ ಹೇಳಿದರೆ ಮೀನು ತಟ್ಟೆಗೆ ಬಂದೀತು.

ಕೇಳಿದವರು, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ಹಾಯಿಯ ಮಾತು ಓದಿ ಒಂದು ಗಳಿಗೆ ಮನಸ್ಸು ಸಪ್ಪಗಾಯಿತು, ಹಾರದ ನೀರುಕಾಗೆಯ ಸುದ್ದಿ ಓದಿ ಸರಿಹೋಯಿತು. ಪಶ್ಚಿಮದ ಮಾರ್ಗವೇ ಎಂದು ನಾವಿಬ್ಬರೂ ಒಪ್ಪಿದ್ದೇವೆ. ಈಜು ಬಾರದವರು ಅಲ್ಲಿ ಏನು ಮಾಡಬೇಕು, ದೋಣಿಯಲ್ಲೇ ಕುಳಿತಿರಬೇಕೇ? ಯಾವ ತಿಂಗಳು ಎಂಬುದನ್ನೂ ಹೇಳಿ.

ಟೊರಾಂಟೊದಿಂದ

ಕುಳಿತಿರಬೇಕಾಗಿಲ್ಲ. ಉಳಿದವರು ನೀರಿಗಿಳಿದಾಗ ಪಂಗಾ ಎನ್ನುವ ಸಣ್ಣ ದೋಣಿಯಲ್ಲಿ ಬಂಡೆಯ ಅಂಚಿಗೇ ನಿಮ್ಮನ್ನು ಸುತ್ತಿಸಲು ಹೇಳಿ. ಇಸಬೆಲಾದ ಟಾಗಸ್ ಕೋವ್ ಎಂಬ ಸಣ್ಣ ಕೊಲ್ಲಿಯಲ್ಲಿ ಪೆಂಗ್ವಿನ್‌ಗಳನ್ನು ಈಜುವವರಿಗಿಂತ ಪಂಗಾದಲ್ಲಿ ಕುಳಿತವರೇ ಚೆನ್ನಾಗಿ ನೋಡುತ್ತಾರೆ. ಅಲ್ಲಿನ ಬಂಡೆಗಳ ಮೇಲೆ ಹಳೆಯ ಹಡಗಿನವರು ಕೆತ್ತಿದ ಹೆಸರುಗಳಿವೆ, 1836ರದ್ದೂ ಇದೆ. ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ ಬಂದುಹೋದ ಮರುವರ್ಷದ್ದು. ಮರಳಿನ ತೀರಗಳಲ್ಲಿ ಮೊಣಕಾಲು ನೀರಿಗೆ ಇಳಿದೇ ದಡ ಸೇರಬೇಕು, ಆಗ ದೋಣಿಯವರು ಕೈ ಹಿಡಿಯುತ್ತಾರೆ. ಲಾವಾ ಬಂಡೆ ಜಾರುತ್ತದೆ, ಚೂಪಾಗಿಯೂ ಇರುತ್ತದೆ. ಹಿಡಿತವಿರುವ ಬೂಟು, ಒಂದು ಊರುಗೋಲು ಇರಲಿ. ಪ್ರಾಣಿಗಳಿಂದ ಎರಡು ಮೀಟರ್ ದೂರ ನಿಲ್ಲಬೇಕೆಂಬುದು ನಿಯಮ. ಸೀ ಲಯನ್ ಮರಿಗೆ ಆ ನಿಯಮ ಗೊತ್ತಿಲ್ಲ, ಅದು ಹತ್ತಿರ ಬಂದರೆ ನೀವೇ ಹಿಂದೆ ಸರಿಯಬೇಕು.

ತಿಂಗಳು ಎಂದರೆ ಏಪ್ರಿಲ್ ಕೊನೆ ಅಥವಾ ಮೇ. ಮಳೆ ಇಳಿದಿರುತ್ತದೆ, ಕಡಲು ಇನ್ನೂ ಸೌಮ್ಯ, ಬೆಟ್ಟಗಳಲ್ಲಿ ಹಸಿರು ಉಳಿದಿರುತ್ತದೆ. ಯಜಮಾನರು ಈಜುವವರಾದರೆ ವೆಟ್‌ಸೂಟ್ ಬೇಕೆಂದು ಮೊದಲೇ ಹೇಳಿ, ಪಶ್ಚಿಮದ ನೀರು ಮೇ ತಿಂಗಳಲ್ಲೂ ಚಳಿ ಹುಟ್ಟಿಸುತ್ತದೆ. ದೋಣಿಯವರಿಗೆ ಬರೆಯುವಾಗ 'ಪುಂಟಾ ಎಸ್ಪಿನೋಸಾ ಯಾವ ದಿನ, ಬೆಳಗ್ಗೆಯೋ ಮಧ್ಯಾಹ್ನವೋ' ಎಂದು ಕೇಳಿ. ಸರಿಯಾದ ಉತ್ತರ ಕೊಡದ ದೋಣಿಯನ್ನು ಬಿಟ್ಟುಬಿಡಿ.