‘ಕ್ವೀನ್ ಆಫ್ ದ ಡ್ಯಾಮ್ಡ್’: ಕಾದಂಬರಿಯ ಅಕಾಶಾ ಸಿನಿಮಾದಲ್ಲಿ ಎಲ್ಲಿ ಹೋದಳು?

ಪ್ರಶ್ನೆ

ಆನ್ ರೈಸ್ ಅವರ 1988ರ ಈ ಕಾದಂಬರಿಯನ್ನು ನಾನು ಎರಡು ಸಲ ಓದಿದ್ದೇನೆ. 2002ರಲ್ಲಿ ಬಂದ ಸಿನಿಮಾವನ್ನು ಮೊನ್ನೆ ನೋಡಿ ತುಂಬಾ ಬೇಸರವಾಯಿತು. ಪುಸ್ತಕವನ್ನು ಪುಟಕ್ಕೆ ಪುಟ ತೆರೆಗೆ ತರಬೇಕೆಂಬ ಹಟ ನನಗಿಲ್ಲ. ಆದರೆ ಕಾದಂಬರಿಯಲ್ಲಿ ರಕ್ತಪಿಶಾಚಿಗಳ ಆದಿರಾಣಿಯಾದ ಅಕಾಶಾಳಿಗೆ ಒಂದು ವಾದವಿದೆ. ಸಾವಿರಾರು ವರ್ಷ ವಿಗ್ರಹದಂತೆ ಕುಳಿತೇ ಲೋಕವನ್ನು ಕಂಡ ಆಕೆ, ಯುದ್ಧಕ್ಕೂ ಹಿಂಸೆಗೂ ಗಂಡಸರೇ ಮೂಲವೆಂದು ತೀರ್ಮಾನಿಸಿ, ನೂರಕ್ಕೊಬ್ಬನನ್ನು ಉಳಿಸಿಕೊಂಡು ಮಿಕ್ಕವರನ್ನೆಲ್ಲ ಕೊಂದುಬಿಟ್ಟರೆ ಭೂಮಿಯ ಮೇಲೆ ಶಾಂತಿ ನೆಲೆಸುತ್ತದೆಂದು ನಂಬುತ್ತಾಳೆ. ಅದು ಘೋರವಾದ ನಂಬಿಕೆ ನಿಜ, ಆದರೂ ಓದುವಾಗ ಅದಕ್ಕೆ ಉತ್ತರ ಹುಡುಕಲು ನಾನು ಪುಸ್ತಕ ಮುಚ್ಚಿಟ್ಟು ಯೋಚಿಸಬೇಕಾಯಿತು. ಸಿನಿಮಾದ ಅಕಾಶಾಳಿಗೆ ಲೋಕವನ್ನು ಆಳುವ ಆಸೆಯೊಂದನ್ನು ಬಿಟ್ಟರೆ ಬೇರೇನೂ ಇಲ್ಲ. ಈ ವಾದವನ್ನೇ ಏಕೆ ಕೈಬಿಟ್ಟರು? ಸಮಯ ಸಾಲದೆ ಹೋಯಿತೆ, ಅಥವಾ ಬರೆದವರಿಗೆ ಅದು ಮುಖ್ಯವೆಂದೇ ಅನ್ನಿಸಲಿಲ್ಲವೆ?

ಉತ್ತರ 1

ಸಮಯದ ಸಮಸ್ಯೆ ಖಂಡಿತವಾಗಿ ಇತ್ತು. 1985ರ ‘ದ ವ್ಯಾಂಪೈರ್ ಲೆಸ್ಟಾಟ್’ ಮತ್ತು ಈ ಕಾದಂಬರಿ, ಎರಡನ್ನೂ ಒಂದೂಮುಕ್ಕಾಲು ಗಂಟೆಯ ಒಂದೇ ಚಿತ್ರಕ್ಕೆ ತುರುಕಿದ್ದಾರೆ. ಅದರ ಮೊದಲ ಬಲಿ ಕಥಾನಾಯಕನಾದ ರಕ್ತಪಿಶಾಚಿ ಲೆಸ್ಟಾಟನ ಹಿಂದಿನ ಕಥೆ. ಪುಸ್ತಕದಲ್ಲಿ ಅವನನ್ನು ರಕ್ತಪಿಶಾಚಿಯಾಗಿ ಮಾಡುವವನು ಮ್ಯಾಗ್ನಸ್ ಎಂಬ ಮುದಿ ರಕ್ತಪಿಶಾಚಿ. ಮಾಡಿದ ಕೂಡಲೇ ತಾನು ಬೆಂಕಿಗೆ ಹಾರಿ ಸಾಯುತ್ತಾನೆ. ಹೀಗೆ ಅನಾಥನಾದ ಲೆಸ್ಟಾಟ್ ಉತ್ತರಗಳಿಗಾಗಿ ಮಾರಿಯಸ್ ಎಂಬ ಪ್ರಾಚೀನ ರಕ್ತಪಿಶಾಚಿಯನ್ನು ವರ್ಷಗಟ್ಟಲೆ ಹುಡುಕುತ್ತ, ಅವನಿಗೊಂದು ಸಂದೇಶವನ್ನು ಹೋದ ಊರಿನ ಗೋಡೆ ಬಂಡೆಗಳ ಮೇಲೆಲ್ಲ ಕೆತ್ತಿಡುತ್ತಾನೆ. ಸಿನಿಮಾದಲ್ಲಿ ಮಾರಿಯಸನೇ ಅವನನ್ನು ರಕ್ತಪಿಶಾಚಿಯಾಗಿ ಮಾಡಿಬಿಡುವುದರಿಂದ ಆ ಹುಡುಕಾಟವೇ ಇಲ್ಲವಾಗಿದೆ.

ಆದರೆ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ ಕಾರಣವೊಂದಿದೆ: ಅವಳಿ ಸೋದರಿಯರ ಕಥೆಯನ್ನು ತೆಗೆದುಹಾಕಿದ್ದು. ಕಾದಂಬರಿಯುದ್ದಕ್ಕೂ ಬೇರೆ ಬೇರೆ ಪಾತ್ರಗಳಿಗೆ ಒಂದೇ ಕನಸು ಬೀಳುತ್ತದೆ. ಕೆಂಪು ಕೂದಲಿನ ಇಬ್ಬರು ಹೆಂಗಸರು ತಾಯಿಯ ಶವದ ಮುಂದೆ ಮಂಡಿಯೂರಿ ಕುಳಿತಿದ್ದಾರೆ, ಪಕ್ಕದ ತಟ್ಟೆಗಳಲ್ಲಿ ಅವಳ ಹೃದಯವೂ ಮಿದುಳೂ ಇವೆ, ಅವರು ತಮ್ಮ ಜನರ ಅಂತ್ಯಸಂಸ್ಕಾರದಂತೆ ಅವನ್ನು ಸೇವಿಸಬೇಕೆನ್ನುವಷ್ಟರಲ್ಲಿ ಸೈನಿಕರು ನುಗ್ಗುತ್ತಾರೆ. ಆ ಸೈನಿಕರನ್ನು ಕಳಿಸಿದವಳು ಅಕಾಶಾ. ಮುಂದೆ ಆ ಅವಳಿಗಳಲ್ಲಿ ಮಹಾರೆಟಳ ಕಣ್ಣುಗಳನ್ನು ಕೀಳಿಸಿ, ಮೆಕಾರೆಯ ನಾಲಿಗೆಯನ್ನು ಕತ್ತರಿಸಿ, ಅಷ್ಟರಲ್ಲಿ ರಕ್ತಪಿಶಾಚಿಗಳಾಗಿದ್ದ ಇಬ್ಬರನ್ನೂ ಕಲ್ಲಿನ ಪೆಟ್ಟಿಗೆಗಳಲ್ಲಿಟ್ಟು ಬೇರೆ ಬೇರೆ ಸಮುದ್ರಗಳಿಗೆ ಬಿಡಲಾಗುತ್ತದೆ. ಕೊನೆಯಲ್ಲಿ ಅಕಾಶಾ ಸಾಯುವುದು ಅದೇ ಮೆಕಾರೆಯ ಕೈಯಲ್ಲಿ, ಮತ್ತು ಆರು ಸಾವಿರ ವರ್ಷಗಳ ಹಿಂದೆ ಅರ್ಧಕ್ಕೆ ನಿಂತ ಆ ಸಂಸ್ಕಾರ ಅಕಾಶಾಳ ಶವದ ಮೇಲೆ ಪೂರ್ಣಗೊಳ್ಳುತ್ತದೆ. ಸಿನಿಮಾದಲ್ಲಿ ಮೆಕಾರೆಯೇ ಇಲ್ಲ. ಹೆಂಗಸರ ರಕ್ಷಕಿಯೆಂದು ಹೇಳಿಕೊಳ್ಳುವ ರಾಣಿ ಇಬ್ಬರು ಹೆಂಗಸರಿಗೆ ಏನು ಮಾಡಿದ್ದಳು ಎಂಬುದೇ ಅವಳ ವಾದಕ್ಕೆ ಕಾದಂಬರಿ ಕೊಡುವ ದೊಡ್ಡ ಉತ್ತರ. ಆ ಉತ್ತರವನ್ನು ತೆಗೆದ ಮೇಲೆ ವಾದವನ್ನು ಇಟ್ಟುಕೊಳ್ಳುವುದೂ ಕಷ್ಟವಾಗಿರಬೇಕು.

ಉತ್ತರ 2

ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಆದರೆ ಅಕಾಶಾಳ ಪಾತ್ರ ಮಾಡಿದ ಗಾಯಕಿ ಆಲಿಯಾ ಅವರ ಮೇಲೆ ದೋಷ ಬೀಳಬಾರದು. ಅಕಾಶಾ ರಕ್ತಪಿಶಾಚಿಗಳ ಪಬ್ಬಿಗೆ ಕಾಲಿಡುವ ದೃಶ್ಯವನ್ನು ಇನ್ನೊಮ್ಮೆ ನೋಡಿ. ಆಕೆ ನಡೆಯುವ ರೀತಿಯಲ್ಲಿ ಒಂದು ಹಾವಿನ ಚಲನೆಯಿದೆ. ಎದುರಿಗೆ ನಿಂತವನ ಎದೆಯಿಂದ ಹೃದಯವನ್ನು ಕಿತ್ತು ಕಚ್ಚುವಾಗಲೂ ಮುಖದಲ್ಲಿ ಅವಸರವಿಲ್ಲ. ಇಷ್ಟು ಪ್ರಾಚೀನಳಾದವಳಿಗೆ ಮನುಷ್ಯರ ನಡಿಗೆ ಇರಲಾರದು ಎಂಬುದನ್ನು ಅವರು ಮೈಯಿಂದಲೇ ತೋರಿಸಿದ್ದಾರೆ. 2001ರ ಆಗಸ್ಟ್ 25ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಬರೀ 22 ವರ್ಷ. ಚಿತ್ರ ತೆರೆಗೆ ಬಂದದ್ದು ಅದಾದ ಮೇಲೆ. ಅವರಿಗೆ ಒಳ್ಳೆಯ ಮಾತುಗಳನ್ನು ಬರೆದುಕೊಟ್ಟಿದ್ದರೆ ಈ ಪಾತ್ರ ಎಲ್ಲಿಗೆ ಮುಟ್ಟುತ್ತಿತ್ತೋ ಎಂದು ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಪ್ರಶ್ನೆ ಕೇಳಿದವರು

ಆಲಿಯಾ ಅವರ ಬಗ್ಗೆ ನನಗೆ ಯಾವ ದೂರೂ ಇಲ್ಲ. ನನ್ನ ಮಾತಿನಿಂದ ಹಾಗೆ ಅನ್ನಿಸಿದ್ದರೆ ಕ್ಷಮಿಸಿ.

ಉತ್ತರ 3

ರೈಸ್ ಅವರದೇ ಇನ್ನೊಂದು ಕಾದಂಬರಿಯಿಂದ ಬಂದ 1994ರ ‘ಇಂಟರ್‌ವ್ಯೂ ವಿತ್ ದ ವ್ಯಾಂಪೈರ್’ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿಯೂ ಬದಲಾವಣೆಗಳಿವೆ. ಕಾದಂಬರಿಯಲ್ಲಿ ರಕ್ತಪಿಶಾಚಿಯಾಗುವ ಕ್ಲೌಡಿಯಾ ಐದು ವರ್ಷದ ಮಗು; ಆ ಪಾತ್ರ ಮಾಡಿದ ಕರ್ಸ್ಟನ್ ಡನ್ಸ್ಟ್ ಅದಕ್ಕಿಂತ ಸಾಕಷ್ಟು ದೊಡ್ಡವರು. ಆದರೂ ಆಕೆ ಸಿಟ್ಟಿನಿಂದ ತನ್ನ ಗುಂಗುರು ಕೂದಲನ್ನು ಕತ್ತರಿಸಿ ಎಸೆದು, ಅದು ಮತ್ತೆ ಮೊದಲಿನಂತೆಯೇ ಬೆಳೆದದ್ದನ್ನು ಕಂಡು ಕಿರುಚುವಾಗ, ಮಗುವಿನ ದೇಹದಲ್ಲಿ ಹೆಂಗಸೊಬ್ಬಳು ಸಿಕ್ಕಿಬಿದ್ದ ನರಕ ಪೂರ್ತಿಯಾಗಿ ನಮಗೆ ತಟ್ಟುತ್ತದೆ. ವಯಸ್ಸು ಬದಲಾಯಿತು, ಪಾತ್ರದ ನೋವು ಬದಲಾಗಲಿಲ್ಲ. ಆ ಚಿತ್ರದ ಚಿತ್ರಕಥೆಗೆ ರೈಸ್ ಅವರದೇ ಹೆಸರಿದೆ ಎಂಬುದನ್ನೂ ಮರೆಯಬಾರದು. ಲೆಸ್ಟಾಟನ ಪಾತ್ರಕ್ಕೆ ಟಾಮ್ ಕ್ರೂಸ್ ಅವರ ಆಯ್ಕೆಯನ್ನು ಮೊದಲು ಬಹಿರಂಗವಾಗಿ ವಿರೋಧಿಸಿದ್ದ ಅವರೇ, ಚಿತ್ರ ನೋಡಿದ ಮೇಲೆ ಅಷ್ಟೇ ಬಹಿರಂಗವಾಗಿ ಮೆಚ್ಚಿಕೊಂಡರು.

ಪ್ರಶ್ನೆ ಕೇಳಿದವರು

ಈ ಹೋಲಿಕೆಯಿಂದ ನನ್ನ ಬೇಸರಕ್ಕೆ ಕಾರಣ ತಿಳಿಯಿತು. ಕಾದಂಬರಿಯ ಕೊನೆಯಲ್ಲಿ ಉಳಿದ ರಕ್ತಪಿಶಾಚಿಗಳೆಲ್ಲ ಮಹಾರೆಟಳ ಮನೆಯ ಮೇಜಿನ ಸುತ್ತ ಕುಳಿತಿರುತ್ತಾರೆ. ಅಕಾಶಾ ಬಂದು, ತನ್ನ ಜೊತೆ ನಿಲ್ಲುವಿರೋ ಸಾಯುವಿರೋ ಎಂದು ಕೇಳುತ್ತಾಳೆ. ಮನುಷ್ಯರು ತಾವಾಗಿಯೇ ಬದಲಾಗುತ್ತಿದ್ದಾರೆ, ಅವರಿಗೆ ಕಾಲಾವಕಾಶ ಕೊಡು ಎಂದು ಮಾರಿಯಸ್ ಬೇಡಿಕೊಳ್ಳುತ್ತಾನೆ. ಅವಳನ್ನು ಪ್ರೀತಿಸಿದ ಲೆಸ್ಟಾಟ್ ಕೂಡ ಕೊನೆಗೆ ಅವಳ ಪರ ನಿಲ್ಲುವುದಿಲ್ಲ. ಸಿನಿಮಾದಲ್ಲಿ ಇದರ ಬದಲು ಎಲ್ಲರೂ ಮುಗಿಬಿದ್ದು ಅವಳ ರಕ್ತ ಹೀರುತ್ತಾರೆ, ಕೊನೆಯ ಹನಿ ಕುಡಿದ ಮಹಾರೆಟ್ ಕಲ್ಲಾಗುತ್ತಾಳೆ. ಕಾದಂಬರಿಯ ಆ ದೃಶ್ಯಕ್ಕೆ ದೊಡ್ಡ ಖರ್ಚೂ ಬೇಕಿರಲಿಲ್ಲ, ಗ್ರಾಫಿಕ್ಸೂ ಬೇಕಿರಲಿಲ್ಲ. ಒಂದು ಮೇಜು, ಕೆಲವು ಕುರ್ಚಿಗಳು, ಒಬ್ಬೊಬ್ಬರಾಗಿ ‘ಇಲ್ಲ’ ಎನ್ನುವ ಮುಖಗಳು ಸಾಕಾಗಿದ್ದವು.